ನೈಟ್ರಿಕ್ ಆಸಿಡ್‌ನಲ್ಲಿ ಅದ್ದಿದ ಮೇಲೂ 304 ಸ್ಟೇನ್‌ಲೆಸ್ ಮೇಲೆ ಕಂದು ಕಲೆ, ಪಿನ್ನುಗಳು ಕಪ್ಪು. ಯಾಕೆ?

ಬೆಂಚ್_ವೈಸು

ಎಲ್ಲರಿಗೂ ನಮಸ್ಕಾರ. ಎರಡು ತಲೆನೋವು ಒಟ್ಟಿಗೇ ಬಂದಿವೆ.

ಮೊದಲನೆಯದು, 304 ಶೀಟಿನಲ್ಲಿ ಮಾಡಿದ ಫ್ರೇಮುಗಳು. ಟಿಗ್ ವೆಲ್ಡ್ ಮಾಡಿ, ವೈರ್ ಬ್ರಷ್ ಹೊಡೆದು, ನೈಟ್ರಿಕ್ ಟ್ಯಾಂಕಿನಲ್ಲಿ ಅರ್ಧ ಗಂಟೆ ಇಟ್ಟು, ತೊಳೆದು ಕಳಿಸಿದ್ದೆವು. ಹೋಗುವಾಗ ಫಳಫಳ ಅನ್ನುತ್ತಿದ್ದವು. ಗಿರಾಕಿ ಹೊರಗಡೆ ಕೂರಿಸಿದ ಮೇಲೆ ಒಂದು ಮಳೆ ಬಿದ್ದದ್ದೇ ತಡ, ವೆಲ್ಡಿನ ಎರಡೂ ಪಕ್ಕ ಕಂದು ಗೆರೆ ಎದ್ದಿದೆ. ವೆಲ್ಡ್ ಇಲ್ಲದ ಕಡೆಯೂ ಸೂಜಿಮೊನೆಯಷ್ಟು ಚುಕ್ಕಿಗಳಿವೆ.

ಎರಡನೆಯದು, ಲೇತಿನಲ್ಲಿ ಮಾಡಿದ ಸಣ್ಣ ಪಿನ್ನುಗಳು. ಅದೇ ಟ್ಯಾಂಕಿಗೆ ಹಾಕಿದೆವು. ಸ್ವಲ್ಪ ಹೊತ್ತಿಗೆ ಗುಳ್ಳೆ ಏಳಲು ಶುರುವಾಯಿತು. ತೆಗೆದು ನೋಡಿದರೆ ಬೂದು, ಕೆಲವು ಪೂರ್ತಿ ಕಪ್ಪು. ಮೈ ಒರಟಾಗಿದೆ, ಅಳತೆಯೂ ಹೋಗಿದೆ.

ಆಸಿಡ್ ಕೊಡುವವನು ‘ನೀರು ಬೆರೆಸಬೇಡಿ, ನೇರ ಬಳಸಿ, ಆಗ ಪವರ್ ಜಾಸ್ತಿ’ ಅನ್ನುತ್ತಾನೆ. ಹಾಗೆ ಮಾಡಿದರೆ ಸರಿಹೋಗುತ್ತಾ?

ಪೈಪು_ಫಿಟ್ಟು

ಫ್ರೇಮಿಗೆ ಹೈಡ್ರೋಕ್ಲೋರಿಕ್ ಒರೆಸಿ ನೋಡಿ. ನಾವು ಎಂಎಸ್ (ಸಾದಾ ಉಕ್ಕು) ತುಕ್ಕಿಗೆ ಅದನ್ನೇ ಬಳಸುವುದು. ಕಲೆ ಕ್ಷಣದಲ್ಲಿ ಮಾಯ.

ಟಿಗ್_ಕಿಡಿ

ಅಯ್ಯೋ ಬೇಡ. ಕಲೆ ಹೋಗುತ್ತೆ ನಿಜ, ಆದರೆ ಹೋದದ್ದಕ್ಕಿಂತ ಜಾಸ್ತಿ ವಾಪಸ್ ಬರುತ್ತೆ. ಎಂಎಸ್ ಲೆಕ್ಕ ಬೇರೆ, ಎಸ್‌ಎಸ್ ಅಂದರೆ ಸ್ಟೇನ್‌ಲೆಸ್ ಲೆಕ್ಕ ಬೇರೆ. ಮಿಕ್ಕದ್ದನ್ನು ಲ್ಯಾಬ್ ಮೇಡಂ ಬಂದು ಹೇಳಲಿ.

ಲ್ಯಾಬ್_ಮೂಲೆ

ಬಂದೆ. ಹೈಡ್ರೋಕ್ಲೋರಿಕ್ ವಿಷಯ ಮೊದಲು ಮುಗಿಸೋಣ. ಸ್ಟೇನ್‌ಲೆಸ್ ಮೇಲಿನ ರಕ್ಷಣೆಯ ಪದರವನ್ನು ಒಡೆಯುವುದರಲ್ಲಿ ಕ್ಲೋರೈಡ್ ಎತ್ತಿದ ಕೈ. ಅದು ಲೋಹವನ್ನು ಎಲ್ಲ ಕಡೆ ಒಂದೇ ಸಮ ತಿನ್ನುವುದಿಲ್ಲ. ಒಂದು ಬಿಂದುವನ್ನು ಹಿಡಿದು ಒಳಗೆ ಕೊರೆಯುತ್ತಾ ಹೋಗುತ್ತದೆ. ಮೇಲೆ ಕಾಣುವ ತೂತು ಚಿಕ್ಕದು, ಒಳಗೆ ಗುಂಡಿ ದೊಡ್ಡದು. ಸಂದುಗಳಲ್ಲಿ, ಬೋಲ್ಟಿನ ತಲೆಯಡಿ ಉಳಿದ ಹನಿ ಎಷ್ಟು ತೊಳೆದರೂ ಹೊರಗೆ ಬರುವುದಿಲ್ಲ. ಬ್ಲೀಚಿಂಗ್ ಪೌಡರು, ಟಾಯ್ಲೆಟ್ ತೊಳೆಯುವ ಆಸಿಡ್ಡು, ಟೈಲ್ಸಿನ ಸಿಮೆಂಟ್ ಕಲೆ ತೆಗೆಯುವ ದ್ರವ, ಇವೆಲ್ಲ ಇದೇ ಗುಂಪು. ಸ್ಟೇನ್‌ಲೆಸ್ ಹತ್ತಿರಕ್ಕೂ ತರಬೇಡಿ.

ಈಗ ಮೂಲ ವಿಷಯ. ನೀವು ನೈಟ್ರಿಕ್ಕಿನಲ್ಲಿ ಅದ್ದಿದ ಕೆಲಸಕ್ಕೆ ಪ್ಯಾಸಿವೇಶನ್ ಅನ್ನುತ್ತಾರೆ. ಅದರಲ್ಲಿ ಆಸಿಡ್ಡು ಏನೋ ಒಂದು ಪದರ ಹಚ್ಚುತ್ತದೆ ಅಂತ ತುಂಬಾ ಜನ ತಿಳಿದಿದ್ದಾರೆ. ಅದು ಬಣ್ಣ ಬಳಿದ ಹಾಗಲ್ಲ. ಉಕ್ಕಿನಲ್ಲಿ ಕನಿಷ್ಠ 10.5 ಶೇಕಡಾ ಕ್ರೋಮಿಯಂ ಇದ್ದರೆ, ಅದು ಗಾಳಿಯ ಆಮ್ಲಜನಕದ ಜೊತೆ ಸೇರಿ ತಾನೇ ಒಂದು ಆಕ್ಸೈಡ್ ಪದರ ಕಟ್ಟಿಕೊಳ್ಳುತ್ತದೆ. ದಪ್ಪ ಬರೀ ಕೆಲವು ನ್ಯಾನೋಮೀಟರ್. ಗೀರಿದರೂ ಮತ್ತೆ ಕಟ್ಟಿಕೊಳ್ಳುತ್ತದೆ. ಆಸಿಡ್ಡಿನ ಮುಖ್ಯ ಕೆಲಸ, ಮೇಲೆ ಅಂಟಿಕೊಂಡ ಬಿಡಿ ಕಬ್ಬಿಣವನ್ನು ಕರಗಿಸಿ ತೆಗೆಯುವುದು. ನೈಟ್ರಿಕ್ ಆದರೆ ಪದರ ಕಟ್ಟಲು ಒಂದಿಷ್ಟು ಸಹಾಯವನ್ನೂ ಮಾಡುತ್ತದೆ. ಆದರೆ ಅಡಿಯ ಲೋಹದಲ್ಲೇ ಕ್ರೋಮಿಯಂ ಕಮ್ಮಿಯಾಗಿದ್ದರೆ ನೈಟ್ರಿಕ್ಕಿನಲ್ಲಿ ಎಷ್ಟು ಹೊತ್ತು ನೆನೆಸಿದರೂ ಉಪಯೋಗ ಇಲ್ಲ.

ವೆಲ್ಡ್ ಪಕ್ಕ ಆಗಿರುವುದು ಅದೇ ಅಂತ ನನ್ನ ಅನುಮಾನ. ವೆಲ್ಡ್ ಆದ ಮೇಲೆ ಒಣಹುಲ್ಲಿನ ಬಣ್ಣ, ಕಂದು, ನೀಲಿ ಪಟ್ಟಿ ಇತ್ತಾ?

ಬೆಂಚ್_ವೈಸು

ಇತ್ತು ಮೇಡಂ, ಚೆನ್ನಾಗೇ ಇತ್ತು. ಅದಕ್ಕೇ ವೈರ್ ಬ್ರಷ್ ಹೊಡೆದದ್ದು. ಬ್ರಷ್ ಆದ ಮೇಲೆ ಬಣ್ಣ ಕಾಣುತ್ತಿರಲಿಲ್ಲ.

ಲ್ಯಾಬ್_ಮೂಲೆ

ಬಣ್ಣ ಹೋಗಿದೆ, ತೊಂದರೆ ಉಳಿದಿದೆ. ಆ ನೀಲಿ, ಕಂದು ಪಟ್ಟಿ ಅಂದರೆ ಬಿಸಿಯಲ್ಲಿ ದಪ್ಪವಾಗಿ ಬೆಳೆದ ಆಕ್ಸೈಡ್. ಒಣಹುಲ್ಲಿನ ಬಣ್ಣ ಇದ್ದರೆ ತೆಳು, ನೀಲಿಗೆ ತಿರುಗಿದರೆ ಇನ್ನೂ ದಪ್ಪ. ಅದು ಬೆಳೆಯಲು ಬೇಕಾದ ಕ್ರೋಮಿಯಂ ಬಂದದ್ದು ಕೆಳಗಿನ ಲೋಹದಿಂದಲೇ. ಹಾಗಾಗಿ ಬಣ್ಣದ ಅಡಿಯಲ್ಲಿ ಕ್ರೋಮಿಯಂ ಕಮ್ಮಿ ಇರುವ ಒಂದು ತೆಳು ಪದರ ಉಳಿಯುತ್ತದೆ. ಬ್ರಷ್ಷು ಮೇಲಿನ ಬಣ್ಣವನ್ನು ಉಜ್ಜಿ ತೆಗೆಯಿತು, ಕೆಳಗಿನ ಬಡ ಪದರವನ್ನು ಹಾಗೇ ಬಿಟ್ಟಿತು. ಬರೀ ನೈಟ್ರಿಕ್ ಆ ಪದರವನ್ನು ತಿನ್ನುವುದಿಲ್ಲ. ಅದನ್ನು ತೆಗೆಯುವ ಕೆಲಸಕ್ಕೆ ಪಿಕ್ಲಿಂಗ್ ಅನ್ನುತ್ತಾರೆ.

ಪಿಕ್ಲಿಂಗೂ ಪ್ಯಾಸಿವೇಶನ್ನೂ ಒಂದೇ ಅಲ್ಲ. ಪಿಕ್ಲಿಂಗಿನಲ್ಲಿ ನೈಟ್ರಿಕ್ ಜೊತೆ ಹೈಡ್ರೋಫ್ಲೋರಿಕ್ ಇರುತ್ತದೆ. ಅದು ನಿಜವಾಗಿ ಲೋಹವನ್ನು ಕರಗಿಸುತ್ತದೆ, ಮೈ ಮಂಕು ಬೂದು ಆಗುತ್ತದೆ. ಪ್ಯಾಸಿವೇಶನ್ ಸರಿಯಾಗಿ ಆದರೆ ಪೀಸು ನೋಡಲು ಹಾಕುವ ಮೊದಲು ಹೇಗಿತ್ತೋ ಹಾಗೇ ಇರುತ್ತದೆ. ಆಸಿಡ್ ಟ್ಯಾಂಕಿನಿಂದ ಹೊಳಪು ಬರಲಿ ಅಂತ ಕಾಯಬೇಡಿ.

ಟಿಗ್_ಕಿಡಿ

ಮೇಡಂ ಹೇಳಿದ್ದಕ್ಕೆ ವೆಲ್ಡರ್ ಕಡೆಯಿಂದ ಒಂದು ಮಾತು. ಬಣ್ಣ ಬಂದ ಮೇಲೆ ತೆಗೆಯುವುದಕ್ಕಿಂತ ಬರದ ಹಾಗೆ ನೋಡಿಕೊಳ್ಳುವುದು ಸುಲಭ. ಆಂಪಿಯರ್ ಸುಮ್ನೆ ಏರಿಸಬೇಡಿ. ಹಿಂಭಾಗಕ್ಕೂ ಆರ್ಗಾನ್ ಕೊಡಿ. ಆರ್ಕ್ ನಿಂತ ಕೂಡಲೇ ಟಾರ್ಚ್ ಎತ್ತಬೇಡಿ, ಗ್ಯಾಸ್ ಇನ್ನೂ ಬರುತ್ತಿರುತ್ತದೆ, ಲೋಹದ ಕೆಂಪು ಆರುವವರೆಗೆ ಅಲ್ಲೇ ಹಿಡಿಯಿರಿ. ಪೈಪಿನ ಒಳಗಡೆ ಆದರೆ ಇದು ಇನ್ನೂ ಮುಖ್ಯ. ಅಲ್ಲಿಗೆ ಆಮೇಲೆ ಬ್ರಷ್ಷೂ ಹೋಗಲ್ಲ, ಪೇಸ್ಟೂ ಹೋಗಲ್ಲ.

ಮತ್ತೆ ಆ ವೈರ್ ಬ್ರಷ್ ಯಾವುದು? ಎಂಎಸ್ ಜಾಬಿಗೂ ಅದೇನಾ?

ಬೆಂಚ್_ವೈಸು

ಬ್ರಷ್ ಎಸ್‌ಎಸ್‌ದೇ. ಆದರೆ ಎಂಎಸ್ ಜಾಬಿಗೂ ಅದನ್ನೇ ಎತ್ತಿಕೊಳ್ಳುತ್ತಾರೆ. ಗ್ರೈಂಡಿಂಗ್ ಬೆಂಚೂ ಒಂದೇ.

ಹಳೇ_ಲೇತು

ಸಿಕ್ಕಿತಲ್ಲ ಚುಕ್ಕಿಗಳ ಮೂಲ.

ಟಿಗ್_ಕಿಡಿ

ಬ್ರಷ್ಷಿನ ತಂತಿ ಎಸ್‌ಎಸ್ ಆದರೇನು, ಅದರ ತುದಿಯಲ್ಲಿ ಕೂತಿರುವುದು ಎಂಎಸ್ ಪುಡಿ. ಉಜ್ಜಿದಾಗ ಆ ಕಬ್ಬಿಣ 304 ಮೈಗೆ ಒತ್ತಿ ಕೂರುತ್ತೆ. ಗ್ರೈಂಡಿಂಗ್ ಕಿಡಿಯೂ ಹಾಗೇ. ಪಕ್ಕದ ಬೆಂಚಿನಲ್ಲಿ ಎಂಎಸ್ ಕೊಯ್ಯುವಾಗ ಹಾರಿದ ಕಿಡಿ ಎಸ್‌ಎಸ್ ಶೀಟಿಗೆ ಬಿದ್ದು ಅಂಟಿಕೊಳ್ಳುತ್ತೆ, ಕೈಯಲ್ಲಿ ಸವರಿದರೆ ಮರಳಿನ ಹಾಗೆ ತಗಲುತ್ತೆ. ಎಸ್‌ಎಸ್‌ಗೆ ಬೇರೆ ಬ್ರಷ್ಷು, ಬೇರೆ ವೀಲು, ಬೇರೆ ಬೆಂಚು ಇರಲೇಬೇಕು. ಹಿಡಿಗೆ ಬಣ್ಣ ಬಳಿದು ಗುರುತು ಮಾಡಿ. ಕಟ್ಟಲು ಕಬ್ಬಿಣದ ಚೈನು, ಎತ್ತಲು ಫೋರ್ಕ್‌ಲಿಫ್ಟಿನ ಬರೀ ಫೋರ್ಕು, ಇವೂ ಬೇಡ. ಮಧ್ಯೆ ಮರವೋ ರಬ್ಬರೋ ಇರಲಿ.

ಹೊಸಬ_2

ಒಂದು ಪ್ರಶ್ನೆ. ಬಿಡಿ ಕಬ್ಬಿಣ ತೆಗೆಯುವುದೇ ನೈಟ್ರಿಕ್ ಕೆಲಸ ಅಂದಿರಿ. ಅವರು ಅರ್ಧ ಗಂಟೆ ನೈಟ್ರಿಕ್ಕಿನಲ್ಲಿ ಇಟ್ಟಿದ್ದಾರೆ. ಮತ್ತೆ ಚುಕ್ಕಿ ಹೇಗೆ ಉಳಿಯಿತು?

ಲ್ಯಾಬ್_ಮೂಲೆ

ಒಳ್ಳೇ ಪ್ರಶ್ನೆ. ಮೂರು ಕಾರಣ ಇರಬಹುದು. ಎಣ್ಣೆ ಪೂರ್ತಿ ತೆಗೆಯದೆ ಅದ್ದಿದ್ದರೆ ಆಸಿಡ್ಡು ಲೋಹವನ್ನು ಮುಟ್ಟಿಯೇ ಇಲ್ಲ. ನೈಟ್ರಿಕ್ ಎಣ್ಣೆ ತೆಗೆಯುವುದಿಲ್ಲ, ಅದಕ್ಕೆ ಡಿಗ್ರೀಸಿಂಗೇ ಆಗಬೇಕು. ಅಥವಾ ಕಬ್ಬಿಣ ಬಂದದ್ದು ಟ್ಯಾಂಕಿನಿಂದ ಹೊರಬಂದ ಮೇಲೆ, ಪ್ಯಾಕಿಂಗಿನಲ್ಲೋ ಕೂರಿಸುವಾಗಲೋ. ಚುಕ್ಕಿಗಳು ಒಂದೇ ಗೆರೆಯಲ್ಲಿದ್ದರೆ ಚೈನೋ ಫೋರ್ಕೋ ತಗುಲಿದ ಗುರುತು. ಚದುರಿದ್ದರೆ ಕಿಡಿ.

ಮೂರನೆಯದು ಆಸಿಡ್ಡಿನ ಗಟ್ಟಿತನ. ‘ನೇರ ಬಳಸಿ’ ಅನ್ನುವ ಸಲಹೆಗೆ ಉತ್ತರವೂ ಇಲ್ಲೇ ಇದೆ. 1836ರಲ್ಲಿ ಶೋನ್‌ಬೈನ್ ಎಂಬ ರಸಾಯನಶಾಸ್ತ್ರಜ್ಞ ಇದರ ಬಗ್ಗೆ ಮೈಕೆಲ್ ಫ್ಯಾರಡೆಗೆ ಪತ್ರ ಬರೆದಿದ್ದರು. ಕಬ್ಬಿಣವನ್ನು ತೆಳು ನೈಟ್ರಿಕ್ಕಿಗೆ ಹಾಕಿದರೆ ಬುಸುಬುಸು ಅಂತ ಕರಗುತ್ತದೆ. ಗಟ್ಟಿ ನೈಟ್ರಿಕ್ಕಿಗೆ ಹಾಕಿದರೆ ಸುಮ್ಮನೆ ಕೂರುತ್ತದೆ, ಏನೂ ಆಗುವುದಿಲ್ಲ. ಗಟ್ಟಿ ಆಸಿಡ್ಡು ಕಬ್ಬಿಣದ ಮೇಲೂ ಪದರ ಕಟ್ಟಿಬಿಡುತ್ತದೆ. ಅಂದರೆ ಡ್ರಮ್ಮಿನಿಂದ ನೇರ ಸುರಿದು ಬಳಸಿದರೆ ನೀವು ಕರಗಿಸಬೇಕಾದ ಕಬ್ಬಿಣವನ್ನೇ ಕಾಪಾಡಿದ ಹಾಗಾಗುತ್ತದೆ. ಹೊಗೆ ಜಾಸ್ತಿ, ಅಪಾಯ ಜಾಸ್ತಿ, ಕೆಲಸ ಕಮ್ಮಿ.

ಬೆಂಚ್_ವೈಸು

ಹಾಗಾದರೆ ಎಷ್ಟು ಬೆರೆಸಬೇಕು? ಬಿಸಿ ಮಾಡಬೇಕಾ?

ಲ್ಯಾಬ್_ಮೂಲೆ

ಎಎಸ್‌ಟಿಎಂ ಎ967 ಅನ್ನುವ ಮಾನದಂಡದಲ್ಲಿ ಪಟ್ಟಿಯೇ ಇದೆ. 300 ಸಾಲಿನ (304, 316 ಥರದ) ಸಾಮಾನ್ಯ ಪೀಸಿಗೆ ಜನ ಹೆಚ್ಚಾಗಿ ಬಳಸುವುದು ಎರಡು. ಬಿಸಿ ಮಾಡದೆ ಅಂದರೆ 20ರಿಂದ 45 ಶೇಕಡಾ ನೈಟ್ರಿಕ್, 21ರಿಂದ 32 ಡಿಗ್ರಿ ಸೆಲ್ಸಿಯಸ್, ಕನಿಷ್ಠ 30 ನಿಮಿಷ. ಬಿಸಿ ಮಾಡುವುದಾದರೆ 20ರಿಂದ 25 ಶೇಕಡಾ, 49ರಿಂದ 60 ಡಿಗ್ರಿ, ಕನಿಷ್ಠ 20 ನಿಮಿಷ.

ಈ ಶೇಕಡಾ ಅನ್ನುವುದು ಅಳತೆಯ ಲೆಕ್ಕ, ತೂಕದ್ದಲ್ಲ. ಡ್ರಮ್ಮಿನಲ್ಲಿ ಬರುವ ಗಟ್ಟಿ ನೈಟ್ರಿಕ್ಕೇ ಸುಮಾರು 67 ಶೇಕಡಾ ಇರುತ್ತದೆ. ಆ ಆಸಿಡ್ 1 ಲೀಟರ್, ನೀರು 4 ಲೀಟರ್ ಅಂದರೆ ಅದು 20 ಶೇಕಡಾ. ‘ಶುದ್ಧ ಆಸಿಡ್ ಎಷ್ಟು’ ಅಂತ ಮತ್ತೆ ಲೆಕ್ಕ ಹಾಕಲು ಹೋದರೆ ಟ್ಯಾಂಕು ಅಗತ್ಯಕ್ಕಿಂತ ಗಟ್ಟಿಯಾಗುತ್ತದೆ. ಯಾವಾಗಲೂ ನೀರು ಮೊದಲು, ಆಸಿಡ್ ಆಮೇಲೆ, ನಿಧಾನಕ್ಕೆ.

ಹಳೇ_ಲೇತು

ಈಗ ಪಿನ್ನಿನ ವಿಷಯಕ್ಕೆ ನಾನು ಬರುತ್ತೇನೆ. ತಮ್ಮಾ, ಆ ರಾಡು ಯಾವ ಗ್ರೇಡು? 304 ಅಂತ ಸುಮ್ನೆ ಹೇಳಬೇಡ, ಬಿಲ್ ನೋಡಿ ಹೇಳು.

ಬೆಂಚ್_ವೈಸು

ನೋಡಿದೆ ಅಣ್ಣ. 303 ಅಂತಿದೆ.

ಹಳೇ_ಲೇತು

ಅಂದುಕೊಂಡೆ. 303 ಅಂದರೆ ಲೇತಿನವರ ಮುದ್ದಿನ ಸ್ಟೀಲು. ಚಿಪ್ಪು ತುಂಡುತುಂಡಾಗಿ ಉದುರುತ್ತದೆ, ಟೂಲು ಬಾಳುತ್ತದೆ. ಅದಕ್ಕೆ ಕಾರಣ ಅದರಲ್ಲಿ ಬೇಕೆಂದೇ ಹಾಕಿದ ಗಂಧಕ, ಕನಿಷ್ಠ 0.15 ಶೇಕಡಾ. ಆ ಗಂಧಕ ಮ್ಯಾಂಗನೀಸ್ ಜೊತೆ ಸೇರಿ ಲೋಹದೊಳಗೆ ಸಣ್ಣ ಎಳೆಗಳಾಗಿ ಕೂತಿರುತ್ತದೆ. ಕಡಿಯುವಾಗ ಅದು ಅನುಕೂಲ. ಆಸಿಡ್ಡಿಗೆ ಬಿದ್ದಾಗ ಮೊದಲು ಕರಗುವುದೂ ಅದೇ. ಎಳೆ ಕರಗಿದ ಜಾಗದಲ್ಲಿ ಕಣ್ಣಿಗೆ ಕಾಣದ ತೂತು. ತೂತಿನಲ್ಲಿ ಆಸಿಡ್ಡು ಕೂರುತ್ತದೆ. ಮೇಲಿಂದ ಎಷ್ಟು ತೊಳೆದರೂ ಅದು ಬರಲ್ಲ.

ಆದರೆ ಇಷ್ಟಕ್ಕೇ ಇಡೀ ಪಿನ್ನು ಕಪ್ಪಾಗಲ್ಲ. ಗುಳ್ಳೆ ಎದ್ದು, ಕಪ್ಪಾಗಿ, ಮೈ ತಿಂದುಹೋಗಿದೆ ಅಂದರೆ ಅದನ್ನು ಫ್ಲ್ಯಾಶ್ ಅಟ್ಯಾಕ್ ಅನ್ನುತ್ತೇವೆ. ಟ್ಯಾಂಕಿಗೆ ಕ್ಲೋರೈಡ್ ಸೇರಿರುವ ಸಾಧ್ಯತೆಯೇ ಹೆಚ್ಚು. ಕಟಿಂಗ್ ಆಯಿಲು ಯಾವುದು? ಕ್ಲೋರಿನ್ ಇರುವ ಎಣ್ಣೆನಾ? ತೊಳೆಯದೆ ಹಾಕಿದಿರಾ?

ಬೆಂಚ್_ವೈಸು

ಟ್ಯಾಪಿಂಗ್ ಮಾಡುವಾಗ ಬಳಸುವ ಎಣ್ಣೆ ಕ್ಲೋರಿನೇಟೆಡ್. ಪಿನ್ನನ್ನು ಡೀಸೆಲ್‌ನಲ್ಲಿ ಜಾಲಾಡಿ, ಬಟ್ಟೆಯಲ್ಲಿ ಒರೆಸಿ ಹಾಕಿದ್ದರು. ಟ್ಯಾಂಕಿಗೆ ಬಳಸಿದ್ದು ಬೋರ್ ನೀರು.

ಹಳೇ_ಲೇತು

ಎಣ್ಣೆಯೂ ಕ್ಲೋರೈಡು, ನೀರೂ ಕ್ಲೋರೈಡು. ಗಂಧಕದ ಸ್ಟೀಲಿಗೆ ಇದಕ್ಕಿಂತ ಬೇರೆ ಶತ್ರು ಬೇಕಾ? ಡೀಸೆಲ್‌ನಲ್ಲಿ ಜಾಲಾಡಿದ್ದು ಡಿಗ್ರೀಸಿಂಗ್ ಅಲ್ಲ. ಒಂದು ಎಣ್ಣೆ ತೆಗೆದು ಇನ್ನೊಂದು ಎಣ್ಣೆ ಹಚ್ಚಿದ್ದು.

303, 416, 430ಎಫ್ ಥರದ ಗಂಧಕ ಹಾಕಿದ ಗ್ರೇಡುಗಳಿಗೆ ಒಂದು ಹಳೆಯ ಕ್ರಮ ಇದೆ. ಕ್ಷಾರ, ಆಸಿಡ್, ಮತ್ತೆ ಕ್ಷಾರ. ಮೊದಲು ಡಿಗ್ರೀಸ್ ಮಾಡಿ. ಆಮೇಲೆ 5 ಶೇಕಡಾ ಕಾಸ್ಟಿಕ್ ಸೋಡಾ ನೀರಿನಲ್ಲಿ, 70 ಡಿಗ್ರಿಗಿಂತ ಸ್ವಲ್ಪ ಮೇಲೆ, ಅರ್ಧ ಗಂಟೆ. ತೊಳೆಯಿರಿ. ನೈಟ್ರಿಕ್ಕಿನಲ್ಲಿ ಅರ್ಧ ಗಂಟೆ. ತೊಳೆಯಿರಿ. ಮತ್ತೆ ಅದೇ ಕಾಸ್ಟಿಕ್‌ನಲ್ಲಿ ಅರ್ಧ ಗಂಟೆ. ಕೊನೆಗೆ ತೊಳೆದು ಒಣಗಿಸಿ. ಕೊನೆಯ ಕಾಸ್ಟಿಕ್ ಯಾಕೆ ಅಂದರೆ, ಆ ಸಣ್ಣ ತೂತುಗಳಲ್ಲಿ ಕೂತ ಆಸಿಡ್ಡನ್ನು ಕೊಲ್ಲುವುದು. ಇದನ್ನು ಬಿಟ್ಟರೆ ಪಿನ್ನು ಡಬ್ಬಿಯಲ್ಲಿದ್ದಾಗಲೇ ಬೆವರಿದ ಹಾಗೆ ಕಲೆ ಬಿಡುತ್ತದೆ.

ಹಳೇ ಪದ್ಧತಿಯಲ್ಲಿ ಆ ನೈಟ್ರಿಕ್ಕಿಗೆ ಸೋಡಿಯಂ ಡೈಕ್ರೋಮೇಟ್ ಬೆರೆಸುತ್ತಿದ್ದರು. ಆಸಿಡ್ಡಿನ ಆಕ್ಸಿಡೈಸ್ ಮಾಡುವ ಶಕ್ತಿ ಏರುತ್ತದೆ, ಗಂಧಕದ ಸ್ಟೀಲು ಉಳಿದುಕೊಳ್ಳುತ್ತದೆ.

ಸುರಕ್ಷೆ_ಮೊದಲು

ಡೈಕ್ರೋಮೇಟ್ ಅಂದಾಗ ಪೂರ್ತಿ ಹೇಳಿ ಅಣ್ಣ. ಅದು ಹೆಕ್ಸಾವೇಲೆಂಟ್ ಕ್ರೋಮಿಯಂ. ಕ್ಯಾನ್ಸರ್ ತರುವ ವಸ್ತು. ಸಣ್ಣ ಶಾಪಿನಲ್ಲಿ ಅದರ ತ್ಯಾಜ್ಯವನ್ನು ಸರಿಯಾಗಿ ನಿಭಾಯಿಸಲು ಆಗುವುದಿಲ್ಲ. ಬೇಡ.

ಹಳೇ_ಲೇತು

ಒಪ್ಪಿದೆ. ಅದಕ್ಕೇ ‘ಬೆರೆಸುತ್ತಿದ್ದರು’ ಅಂದದ್ದು. ನನ್ನನ್ನು ಕೇಳಿದರೆ, ಪಿನ್ನು ಒದ್ದೆ ಜಾಗಕ್ಕೆ ಹೋಗುವುದಾದರೆ 303 ಬಿಟ್ಟು 304 ಅಥವಾ 316 ರಾಡಿಗೆ ಹೋಗಿ. ಕಡಿಯುವುದು ಕಷ್ಟ, ನಿಜ. ತುಕ್ಕಿನ ವಿಷಯದಲ್ಲಿ 303 ಯಾವತ್ತೂ 304 ಆಗಲ್ಲ. ಯಾವ ಆಸಿಡ್ಡೂ ಅದನ್ನು ಬದಲಿಸಲ್ಲ.

ಇನ್ನೊಂದು, ಬೇರೆ ಬೇರೆ ಗ್ರೇಡುಗಳನ್ನು ಒಂದೇ ಬುಟ್ಟಿಯಲ್ಲಿ ಒಂದಕ್ಕೊಂದು ತಗುಲುವ ಹಾಗೆ ಅದ್ದಬೇಡಿ. 300 ಸಾಲು, 400 ಸಾಲು ಒಟ್ಟಿಗೆ ಕೂತರೆ ಬಡಪಾಯಿ 400 ಪೆಟ್ಟು ತಿನ್ನುತ್ತದೆ. ನೈಟ್ರೈಡಿಂಗ್ ಮಾಡಿದ, ಅಂದರೆ ಮೈಗೆ ಸಾರಜನಕ ಹಿಡಿಸಿ ಗಟ್ಟಿ ಮಾಡಿದ ಪೀಸನ್ನಂತೂ ಈ ಟ್ಯಾಂಕಿಗೆ ಹಾಕಲೇಬಾರದು.

ಹೊಸಬ_2

ಈಗ ಎಲ್ಲರೂ ಸಿಟ್ರಿಕ್ ಸಿಟ್ರಿಕ್ ಅನ್ನುತ್ತಾರೆ. ಅದು ನಿಜಕ್ಕೂ ಕೆಲಸ ಮಾಡುತ್ತಾ, ಇಲ್ಲ ಬರೀ ಫ್ಯಾಷನ್ನಾ?

ಲ್ಯಾಬ್_ಮೂಲೆ

ಮಾಡುತ್ತದೆ. ಅದೇ ಎ967ರಲ್ಲಿ ಅದಕ್ಕೂ ಜಾಗ ಇದೆ. ತೂಕದ ಲೆಕ್ಕದಲ್ಲಿ 4ರಿಂದ 10 ಶೇಕಡಾ ಸಿಟ್ರಿಕ್. 60ರಿಂದ 71 ಡಿಗ್ರಿಯಲ್ಲಿ 4 ನಿಮಿಷ ಸಾಕು, 21ರಿಂದ 49 ಡಿಗ್ರಿಯಲ್ಲಿ 20 ನಿಮಿಷ ಬೇಕು. ಇಲ್ಲಿ ಶೇಕಡಾ ತೂಕದ್ದು, ನೈಟ್ರಿಕ್‌ನ ಹಾಗೆ ಅಳತೆಯದ್ದಲ್ಲ. ಸಿಟ್ರಿಕ್ ಕಬ್ಬಿಣವನ್ನು ಹಿಡಿದುಕೊಂಡು ನೀರಿನಲ್ಲೇ ಇಟ್ಟುಕೊಳ್ಳುತ್ತದೆ. ಕ್ರೋಮಿಯಂ, ನಿಕ್ಕೆಲ್ ತಂಟೆಗೆ ಅಷ್ಟಾಗಿ ಹೋಗುವುದಿಲ್ಲ. ಕಂದು ಹೊಗೆ ಇಲ್ಲ.

ಹಳೇ_ಲೇತು

ನನಗೆ ಈಗಲೂ ನೈಟ್ರಿಕ್ ಮೇಲೇ ನಂಬಿಕೆ. ಸಿಟ್ರಿಕ್ ಟ್ಯಾಂಕನ್ನು ಬಳಸದೆ ಬಿಟ್ಟರೆ ಅದರಲ್ಲಿ ಬೂಷ್ಟು ಬೆಳೆಯುತ್ತದೆ, ಗೊತ್ತಾ? ಮೇಲೆ ತೆಪ್ಪದ ಹಾಗೆ ತೇಲುತ್ತದೆ.

ಲ್ಯಾಬ್_ಮೂಲೆ

ಬೆಳೆಯುತ್ತದೆ, ಸುಳ್ಳಲ್ಲ. ಅದು ಸಾವಯವ ಆಸಿಡ್, ಸೂಕ್ಷ್ಮಜೀವಿಗೆ ಊಟ. ಬೂಷ್ಟು ತಡೆಯುವ ರಾಸಾಯನಿಕ ಹಾಕಬೇಕು, ಇಲ್ಲ ದ್ರಾವಣವನ್ನು ಬೇಗ ಬೇಗ ಬದಲಿಸಬೇಕು. ಆದರೂ ಸಣ್ಣ ಶಾಪಿಗೆ ನಾನು ಹೇಳುವುದು ಸಿಟ್ರಿಕ್ಕೇ. ಗಾಳಿ ಸರಿಯಾಗಿ ಆಡದ ಶೆಡ್ಡಿನಲ್ಲಿ ಬಿಸಿ ನೈಟ್ರಿಕ್ ಇಡುವುದಕ್ಕಿಂತ ಬೂಷ್ಟಿನ ಜಗಳ ವಾಸಿ. ಡ್ರಾಯಿಂಗಿನಲ್ಲಿ ಗಿರಾಕಿ ನೈಟ್ರಿಕ್ ಅಂತಲೇ ಬರೆದಿದ್ದರೆ ಮಾತ್ರ ಕೇಳದೆ ಬದಲಿಸಬೇಡಿ. ಎರಡನ್ನೂ ಬೆರೆಸಿ ಒಂದೇ ಟ್ಯಾಂಕ್ ಮಾಡೋಣ ಅನ್ನುವ ಆಸೆಯಂತೂ ಯಾರಿಗೂ ಬೇಡ. ನೈಟ್ರಿಕ್ ಜೊತೆ ಸಾವಯವ ವಸ್ತು ಸೇರಿದರೆ ಬಿಸಿಯಾಗಿ ಉಕ್ಕಬಹುದು, ಸಿಡಿಯಲೂಬಹುದು. ಸಿಟ್ರಿಕ್ಕೂ ವೆಲ್ಡ್ ಬಣ್ಣವನ್ನು ತೆಗೆಯುವುದಿಲ್ಲ, ಅದು ನೆನಪಿರಲಿ.

ಬೆಂಚ್_ವೈಸು

ಹಾಗಾದರೆ ಫ್ರೇಮಿಗೆ ಪಿಕ್ಲಿಂಗ್ ಪೇಸ್ಟ್ ತರಿಸುತ್ತೇನೆ. ಬಳಸುವಾಗ ಏನು ನೋಡಿಕೊಳ್ಳಬೇಕು?

ಟಿಗ್_ಕಿಡಿ

ವೆಲ್ಡ್ ಪೂರ್ತಿ ತಣ್ಣಗಾಗಿರಬೇಕು. ಬಿಸಿಲಿನಲ್ಲಿ ಹಚ್ಚಬೇಡಿ, ಒಣಗಿ ಪೊರೆ ಕಟ್ಟಿದರೆ ತೊಳೆದರೂ ಹೋಗಲ್ಲ. ಪ್ಲಾಸ್ಟಿಕ್ ಎಳೆಯ ಬ್ರಷ್ಷೇ ಬೇಕು. ಎಷ್ಟು ಹೊತ್ತು ಅನ್ನುವುದು ಡಬ್ಬದ ಮೇಲೆ ಗ್ರೇಡಿನ ಪ್ರಕಾರ ಬರೆದಿರುತ್ತೆ, ಅದಕ್ಕಿಂತ ಜಾಸ್ತಿ ಬಿಡಬೇಡಿ. ಜಾಸ್ತಿ ಬಿಟ್ಟರೆ ಒಳ್ಳೇದು ಅನ್ನುವ ವಸ್ತು ಅಲ್ಲ ಅದು. ತೊಳೆಯುವಾಗ ಮೂಲೆ, ಸಂದು, ವೆಲ್ಡಿನ ಅಂಚು, ಇಲ್ಲೆಲ್ಲ ನೀರನ್ನು ಜೋರಾಗಿ ಹೊಡೆಯಿರಿ.

ಲ್ಯಾಬ್_ಮೂಲೆ

ಒಂದು ಸೇರಿಸುತ್ತೇನೆ. ಫ್ರೇಮು 304ಓ, 304ಎಲ್ಲೋ? ಸಾಮಾನ್ಯ 304 ಆಗಿ ಶೀಟು ದಪ್ಪ ಇದ್ದು, ಸುಮಾರು 450ರಿಂದ 850 ಡಿಗ್ರಿ ಮಧ್ಯೆ ಜಾಸ್ತಿ ಹೊತ್ತು ಇದ್ದಿದ್ದರೆ, ಇಂಗಾಲ ಕ್ರೋಮಿಯಮ್ಮನ್ನು ಸೆಳೆದುಕೊಂಡು ಕಣಗಳ ಅಂಚಿನಲ್ಲಿ ಕಾರ್ಬೈಡ್ ಆಗಿ ಕೂತಿರುತ್ತದೆ. ಅಂಥ ಜಾಗಕ್ಕೆ ಪಿಕ್ಲಿಂಗ್ ಪೇಸ್ಟ್ ಹಚ್ಚಿದರೆ ಕಣಗಳ ನಡುವೆಯೇ ತಿನ್ನುತ್ತದೆ. ಎಲ್ ಗ್ರೇಡಿನಲ್ಲಿ ಇಂಗಾಲ 0.03 ಶೇಕಡಾ ಮೀರದ ಕಾರಣ ಈ ಭಯ ಕಮ್ಮಿ. ತೆಳು ಶೀಟು ಬೇಗ ತಣ್ಣಗಾಗುತ್ತದೆ, ಅಷ್ಟು ಚಿಂತೆ ಇಲ್ಲ.

ಸುರಕ್ಷೆ_ಮೊದಲು

ಎಲ್ಲರೂ ಪೇಸ್ಟ್ ಪೇಸ್ಟ್ ಅನ್ನುತ್ತಿದ್ದೀರಿ. ಅದರೊಳಗಿನ ಹೈಡ್ರೋಫ್ಲೋರಿಕ್‌ನ ಅಪಾಯದ ಬಗ್ಗೆ ಇನ್ನೂ ಯಾರೂ ಬಾಯಿಬಿಟ್ಟಿಲ್ಲ. ಡಬ್ಬ ತೆಗೆಯುವ ಮೊದಲು ಇದನ್ನು ಓದಿ.

ಬೇರೆ ಆಸಿಡ್ಡು ಬಿದ್ದರೆ ತಕ್ಷಣ ಉರಿಯುತ್ತದೆ, ತಕ್ಷಣ ಕೈ ತೊಳೆಯುತ್ತೀರಿ. ಹೈಡ್ರೋಫ್ಲೋರಿಕ್ ಹಾಗಲ್ಲ. ತೆಳುವಾಗಿದ್ದರೆ ಬಿದ್ದದ್ದೂ ಗೊತ್ತಾಗುವುದಿಲ್ಲ. ನೋವು ಗಂಟೆಗಳು ಕಳೆದ ಮೇಲೆ, ಕೆಲವೊಮ್ಮೆ ಮಾರನೇ ದಿನ ಶುರುವಾಗುತ್ತದೆ. ಅಷ್ಟರಲ್ಲಿ ಅದು ಚರ್ಮ ದಾಟಿ ಒಳಗೆ ಇಳಿದಿರುತ್ತದೆ. ಅದರ ಫ್ಲೋರೈಡ್ ದೇಹದ ಕ್ಯಾಲ್ಸಿಯಮ್ಮನ್ನು ಹಿಡಿದುಹಾಕುತ್ತದೆ. ರಕ್ತದಲ್ಲಿ ಕ್ಯಾಲ್ಸಿಯಂ ಕುಸಿದರೆ ಹೃದಯದ ಬಡಿತವೇ ತಪ್ಪುತ್ತದೆ. ಗಾಯ ಚಿಕ್ಕದಾಗಿ ಕಂಡರೂ ಜೀವ ಹೋಗಬಹುದು.

ಹಾಗಾಗಿ 2.5 ಶೇಕಡಾ ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್ ಶಾಪಿನಲ್ಲಿ ಇಲ್ಲದಿದ್ದರೆ ಪೇಸ್ಟನ್ನು ಒಳಗೇ ತರಬೇಡಿ. ಬಿದ್ದರೆ ಮೊದಲು ನೀರಿನಲ್ಲಿ ಚೆನ್ನಾಗಿ ತೊಳೆದು, ಜೆಲ್ ಹಚ್ಚಿ ಉಜ್ಜುತ್ತಾ, ನೋವಿಗೆ ಕಾಯದೆ ಆಸ್ಪತ್ರೆಗೆ ಹೋಗಿ. ‘ಹೈಡ್ರೋಫ್ಲೋರಿಕ್’ ಅಂತ ಬಾಯಿಬಿಟ್ಟು ಹೇಳಿ, ಡಬ್ಬದ ಲೇಬಲ್ ಫೋಟೋ ತೋರಿಸಿ. ಗ್ಲೋವ್ಸು ಮೊಣಕೈವರೆಗೆ ಬರಬೇಕು, ಆಸಿಡ್ಡಿಗೆ ತಡೆಯುವ ದಪ್ಪನೆಯದಾಗಿರಬೇಕು. ಬರೀ ಕನ್ನಡಕ ಸಾಲದು, ಮುಖಕ್ಕೆ ಪೂರ್ತಿ ಶೀಲ್ಡ್ ಹಾಕಿ. ಗಾಜಿನ ಪಾತ್ರೆಗೆ ಸುರಿಯಬೇಡಿ, ಅದು ಗಾಜನ್ನೇ ತಿನ್ನುತ್ತದೆ.

ನೈಟ್ರಿಕ್ಕಿನ ಕಂದು ಹೊಗೆಯೂ ಅಷ್ಟೇ ಮೋಸದ್ದು. ಎಳೆದುಕೊಂಡಾಗ ಸ್ವಲ್ಪ ಕೆಮ್ಮು ಬಂದು ನಿಲ್ಲುತ್ತದೆ. ಶ್ವಾಸಕೋಶದಲ್ಲಿ ನೀರು ತುಂಬುವುದು ಗಂಟೆಗಳ ನಂತರ.

ಪೈಪು_ಫಿಟ್ಟು

ಇದನ್ನು ಓದಿದ ಮೇಲೆ ಪೇಸ್ಟೇ ಬೇಡ ಅನ್ನಿಸುತ್ತಿದೆ. ಬೇರೆ ದಾರಿ ಇಲ್ವಾ?

ಟಿಗ್_ಕಿಡಿ

ಇದೆ ಸರ್. ಕರೆಂಟಿನಲ್ಲಿ ವೆಲ್ಡ್ ಕ್ಲೀನ್ ಮಾಡುವ ಮೆಷೀನು. ಕಾರ್ಬನ್ ಫೈಬರ್ ಬ್ರಷ್ಷನ್ನು ಫಾಸ್ಫೋರಿಕ್ ಆಸಿಡ್ ಇರುವ ದ್ರವದಲ್ಲಿ ಅದ್ದಿ ವೆಲ್ಡ್ ಮೇಲೆ ಎಳೆಯುತ್ತಾ ಹೋಗುವುದು. ಬಣ್ಣ ಕಣ್ಣೆದುರೇ ಹೋಗುತ್ತೆ. ಹೈಡ್ರೋಫ್ಲೋರಿಕ್ ಇಲ್ಲ. ಆದರೆ ಇಡೀ ಟ್ಯಾಂಕಿನಷ್ಟು ದೊಡ್ಡ ಮೈ ಇದ್ದರೆ ಕೈ ಬಿದ್ದುಹೋಗುತ್ತೆ. ಉದ್ದ ವೆಲ್ಡುಗಳಿಗೆ, ಆಗಲೇ ಕೂರಿಸಿದ ಫ್ರೇಮಿಗೆ ಇದೇ ವಾಸಿ. ಆಮೇಲೆ ತೊಳೆಯುವುದು ಮಾತ್ರ ಅದೇ ಶ್ರದ್ಧೆಯಿಂದ, ಫಾಸ್ಫೋರಿಕ್ ಉಳಿದರೆ ಬಿಳಿ ಕಲೆ.

ಲ್ಯಾಬ್_ಮೂಲೆ

ಪೂರ್ತಿ ಪೀಸಿಗೆ ಬೇಕಾದರೆ ಎಲೆಕ್ಟ್ರೋಪಾಲಿಶ್. ಫಾಸ್ಫೋರಿಕ್, ಸಲ್ಫ್ಯೂರಿಕ್ ಮಿಶ್ರಣದಲ್ಲಿ ಪೀಸನ್ನು ಆನೋಡ್ ಮಾಡಿ ಕರೆಂಟ್ ಹರಿಸುತ್ತಾರೆ. ಉಬ್ಬುತಗ್ಗಿನಲ್ಲಿ ಉಬ್ಬು ಮೊದಲು ಕರಗುತ್ತದೆ, ಮೈ ನುಣುಪಾಗುತ್ತದೆ. ನುಣುಪು ಮೈಯಲ್ಲಿ ಕೊಳೆ, ಉಪ್ಪು ಕೂರುವುದು ಕಮ್ಮಿ, ಹಾಗಾಗಿ ತುಕ್ಕೂ ಕಮ್ಮಿ. ಒರಟು ಗ್ರಿಟ್ಟಿನಲ್ಲಿ ಉಜ್ಜಿ ಬಿಟ್ಟ 316ಕ್ಕಿಂತ ನುಣುಪು 304 ಚೆನ್ನಾಗಿ ಬಾಳಿದ್ದನ್ನು ನೋಡಿದ್ದೇನೆ.

ಅಂದಹಾಗೆ ಗಿರಾಕಿಯ ಜಾಗ ಸಮುದ್ರದ ಹತ್ತಿರವಾ? ಉಪ್ಪುಗಾಳಿ ಇದ್ದರೆ 304 ಎಷ್ಟು ಆಸಿಡ್ ತೊಳೆದರೂ ಸಾಲದು. 2ರಿಂದ 3 ಶೇಕಡಾ ಮಾಲಿಬ್ಡಿನಂ ಇರುವ 316 ಬೇಕು.

ಬೆಂಚ್_ವೈಸು

ಇಲ್ಲ ಮೇಡಂ, ಸಮುದ್ರ ದೂರ. ಈಗ ಶಾಪಿನಲ್ಲಿ ಉಳಿದ ಫ್ರೇಮಿನ ಮೇಲೆ ಟ್ರಯಲ್ ಮಾಡುತ್ತೇನೆ. ಸರಿಯಾಗಿದೆ ಅಂತ ಗೊತ್ತಾಗುವುದು ಹೇಗೆ? ಮತ್ತೆ ಮಳೆಗೆ ಕಾಯಬೇಕಾ?

ಲ್ಯಾಬ್_ಮೂಲೆ

ಬೇಡ. ಡಿಗ್ರೀಸಿಂಗ್ ಆದ ಮೇಲೆ ಮೊದಲು ನೀರು ಹಾಕಿ ನೋಡಿ. ನೀರು ಹಾಳೆಯಂತೆ ಒಂದೇ ಸಮ ಹರಡಿ ನಿಂತರೆ ಎಣ್ಣೆ ಇಲ್ಲ. ಹನಿಹನಿಯಾಗಿ ಒಡೆದರೆ ಇನ್ನೂ ಇದೆ, ಆಸಿಡ್ಡಿಗೆ ಹಾಕಬೇಡಿ.

ಆಸಿಡ್ ಆದ ಮೇಲೆ ಮೈಲುತುತ್ತದ ಪರೀಕ್ಷೆ ಮಾಡಿ. 250 ಮಿಲಿಲೀಟರ್ ಡಿಸ್ಟಿಲ್ಡ್ ನೀರಿಗೆ 1 ಮಿಲಿಲೀಟರ್ ಗಟ್ಟಿ ಸಲ್ಫ್ಯೂರಿಕ್ ಸೇರಿಸಿ, ಅದರಲ್ಲಿ 4 ಗ್ರಾಂ ಮೈಲುತುತ್ತ ಕರಗಿಸಿ. ಪೀಸಿನ ಮೇಲೆ ಹಚ್ಚಿ 6 ನಿಮಿಷ ಒಣಗದ ಹಾಗೆ ನೋಡಿಕೊಳ್ಳಿ. ಬಿಡಿ ಕಬ್ಬಿಣ ಎಲ್ಲಿದೆಯೋ ಅಲ್ಲಿ ತಾಮ್ರ ಕೂತು ಕೆಂಪಗೆ ಕಾಣುತ್ತದೆ. ಇಲ್ಲದಿದ್ದರೆ ಏನೂ ಇಲ್ಲ. ಕ್ರೋಮಿಯಂ 16 ಶೇಕಡಾಕ್ಕಿಂತ ಕಮ್ಮಿ ಇರುವ 400 ಸಾಲಿಗೆ ಇದು ಬೇಡ, ಒಳ್ಳೆಯ ಪೀಸೂ ಫೇಲಾಗುತ್ತದೆ. ತಿನ್ನುವ, ಕುಡಿಯುವ ವಸ್ತು ತಗಲುವ ಮೈಗೂ ಬೇಡ. ಅಂಥವಕ್ಕೆ ಬರೀ ನೀರಿನಲ್ಲಿ ಅದ್ದುವುದು, ಒಣಗಿಸುವುದು, ಮತ್ತೆ ಅದ್ದುವುದು. ಕಬ್ಬಿಣ ಇದ್ದರೆ ತಾನೇ ತುಕ್ಕು ತೋರಿಸುತ್ತದೆ.

ಬೆಂಚ್_ವೈಸು

ಟ್ರಯಲ್ ಆಯಿತು. ಒಂದೇ ಫ್ರೇಮಿನ ಒಂದು ಮೂಲೆಗೆ ಹಳೇ ಬ್ರಷ್ಷು, ಇನ್ನೊಂದಕ್ಕೆ ಹೊಸ ಬ್ರಷ್ಷು ಹೊಡೆದು, ಆಸಿಡ್ ಇಲ್ಲದೆಯೇ ಮೈಲುತುತ್ತ ಹಚ್ಚಿದೆ. ಹಳೇ ಬ್ರಷ್ಷು ಎಳೆದ ಗೆರೆಗೆರೆಯೂ ತಾಮ್ರದ ಬಣ್ಣದಲ್ಲಿ ಎದ್ದು ಕಂಡಿತು! ಹೊಸದರ ಕಡೆ ಏನಿಲ್ಲ. ಹುಡುಗರನ್ನೆಲ್ಲ ಕರೆದು ತೋರಿಸಿದೆ. ಹೇಳಿದಾಗ ತಲೆ ಆಡಿಸುತ್ತಿದ್ದವರು ನೋಡಿದ ಮೇಲೆ ತಾವೇ ಬ್ರಷ್ಷುಗಳನ್ನು ಬೇರೆ ಮಾಡಿದರು.

ಹಳೇ_ಲೇತು

ಭೇಷ್. ಆ ಪೀಸನ್ನು ಗೋಡೆಗೆ ತೂಗುಹಾಕು.

ಬೆಂಚ್_ವೈಸು

ವೆಲ್ಡಿಗೆ ಆ ಕರೆಂಟಿನ ಮೆಷೀನು ಬಾಡಿಗೆಗೆ ತರುತ್ತಿದ್ದೇನೆ, ಗಿರಾಕಿಯ ಜಾಗಕ್ಕೂ ಅದನ್ನೇ ಒಯ್ಯುತ್ತೇನೆ. ಪಿನ್ನನ್ನು 316 ರಾಡಿನಲ್ಲಿ ಮಾಡುತ್ತೇವೆ. ಕೊನೆಯ ಪ್ರಶ್ನೆ. ಆ ಕೆಟ್ಟ ನೈಟ್ರಿಕ್ ಟ್ಯಾಂಕನ್ನು ಏನು ಮಾಡಲಿ? ಸುಣ್ಣ ಹಾಕಿ ಮೋರಿಗೆ ಬಿಟ್ಟರೆ ಆಗುತ್ತಾ?

ಸುರಕ್ಷೆ_ಮೊದಲು

ಸುಣ್ಣ ಸರಿ, ಮೋರಿ ತಪ್ಪು. ಬಳಸಿದ ಆಸಿಡ್ಡಿನಲ್ಲಿ ಕರಗಿದ ಕಬ್ಬಿಣ ಮಾತ್ರ ಅಲ್ಲ, ಕ್ರೋಮಿಯಂ, ನಿಕ್ಕೆಲ್ ಕೂಡ ಇರುತ್ತದೆ. ನಿಮ್ಮ ಪಿನ್ನು ತಿಂದುಹೋಯಿತಲ್ಲ, ಅದೆಲ್ಲ ಎಲ್ಲಿ ಹೋಯಿತು ಅಂದುಕೊಂಡಿರಿ? ಸುಣ್ಣದ ನೀರನ್ನು ಸ್ವಲ್ಪ ಸ್ವಲ್ಪವೇ ಸೇರಿಸುತ್ತಾ ಹೋದರೆ ಆಸಿಡ್ ಸಾಯುತ್ತದೆ, ಲೋಹಗಳು ಕೆಸರಾಗಿ ತಳ ಸೇರುತ್ತವೆ. ಪೇಸ್ಟ್ ತೊಳೆದ ನೀರಾದರೆ ಅದರ ಫ್ಲೋರೈಡ್ ಕೂಡ ಸುಣ್ಣದ ಕ್ಯಾಲ್ಸಿಯಂ ಜೊತೆ ಸೇರಿ ಕೆಳಗೆ ಕೂರುತ್ತದೆ. ಕಾಸ್ಟಿಕ್ ಸೋಡಾದಿಂದ ಈ ಕೆಲಸ ಆಗುವುದಿಲ್ಲ, ಫ್ಲೋರೈಡ್ ನೀರಿನಲ್ಲೇ ಉಳಿಯುತ್ತದೆ. ಒಂದೇ ಸಲ ಸುರಿಯಬೇಡಿ, ಕುದಿದು ಮುಖಕ್ಕೆ ಹಾರುತ್ತದೆ. ಆ ಕೆಸರು ಅಪಾಯದ ತ್ಯಾಜ್ಯ, ಮೇಲಿನ ನೀರಿನಲ್ಲಿ ನೈಟ್ರೇಟ್ ಇನ್ನೂ ಇರುತ್ತದೆ. ಎರಡನ್ನೂ ಅಂಥದ್ದನ್ನು ತೆಗೆದುಕೊಳ್ಳಲು ಅನುಮತಿ ಇರುವವರಿಗೇ ಕೊಡಬೇಕು. ನಿಮ್ಮ ಒಂದು ಟ್ಯಾಂಕಿಗೆ ಸುಣ್ಣದ ರಗಳೆ ಬೇಕಿಲ್ಲ. ಆಸಿಡ್ಡನ್ನು ಇದ್ದ ಹಾಗೇ ಲೇಬಲ್ ಹಚ್ಚಿದ ಪ್ಲಾಸ್ಟಿಕ್ ಡ್ರಮ್ಮಿಗೆ ತುಂಬಿ, ಅವರನ್ನೇ ಕರೆಸಿ. ಡ್ರಮ್ಮಿನ ಮುಚ್ಚಳ ಗಾಳಿ ಬಿಡುವಂಥದ್ದಿರಲಿ.